ರೆಸ್ಯೂಮೆ ಕಲಿಸೋಕೆ ಕ್ಯಾನ್ವಾನಾ, ಗೂಗಲ್ ಡಾಕ್ಸಾ?

ಕೊನೇ ಸೆಮಿಸ್ಟರ್ ಮಕ್ಕಳಿಗೆ ಕ್ಯಾನ್ವಾ (ರೆಡಿಮೇಡ್ ಟೆಂಪ್ಲೇಟ್ ಇರುವ ಆನ್‌ಲೈನ್ ಡಿಸೈನ್ ಆ್ಯಪ್) ಕೊಟ್ಟರೆ ಅರ್ಧ ಗಂಟೆಯಲ್ಲಿ ಚೆಂದದ ಹಾಳೆ ರೆಡಿ. ಆದರೆ ಆ ಅರ್ಧ ಗಂಟೆ ಬಣ್ಣ, ಫಾಂಟು ಹುಡುಕೋದರಲ್ಲೇ ಹೋಗುತ್ತದೆ. ಎರಡು ಕಾಲಂ ಇರುವ ಡಿಸೈನನ್ನು ಕಂಪನಿಗಳ ಎಟಿಎಸ್ (ಬಂದ ರೆಸ್ಯೂಮೆಗಳನ್ನು ಓದಿ ವಿಂಗಡಿಸುವ) ಸಾಫ್ಟ್‌ವೇರ್ ಕೆಲವೊಮ್ಮೆ ಅಡ್ಡಾದಿಡ್ಡಿ ಓದಿಬಿಡುತ್ತದೆ. ಇನ್ನು ಕೆಲವು ಟೆಂಪ್ಲೇಟ್‌ನಲ್ಲಿ ಕೌಶಲಕ್ಕೆ ತಾವೇ ಸ್ಟಾರ್ ಹಾಕಿಕೊಳ್ಳೋದು; ‘ಎಕ್ಸೆಲ್‌ಗೆ ನಾಲ್ಕು ಸ್ಟಾರ್’ ಅಂದರೆ ನಮಗಾದರೂ ಏನು ಅರ್ಥವಾಗುತ್ತದೆ, ಹೇಳಿ?

ಡಾಕ್ಸ್‌ನ ಖಾಲಿ ಪುಟ ನೋಡೋಕೆ ಸಪ್ಪೆ (ಅಲ್ಲೂ ಟೆಂಪ್ಲೇಟ್ ಇವೆ, ತೋರಿಸಬೇಡಿ). ಮೊದಲ ದಿನ ‘ಬರೆಯೋಕೆ ಏನೂ ಇಲ್ಲ ಸರ್’ ಅಂತ ಸುಮ್ನೆ ಕೂರುತ್ತಾರೆ. ಆಗ ಕೇಳಬೇಕು, ರಜೆಯಲ್ಲಿ ಏನು ಮಾಡಿದೆ ಅಂತ. ‘ಮಾವನ ಅಂಗಡೀಲಿ ಕೂತಿದ್ದೆ’ ಅನ್ನೋ ಹುಡುಗಿ, ನೀವು ಕಾಮೆಂಟ್‌ನಲ್ಲಿ ನಾಲ್ಕು ಪ್ರಶ್ನೆ ಹಾಕಿದ ಮೇಲೆ, ‘ಎರಡು ತಿಂಗಳು ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಂಗ್, ಟ್ಯಾಲಿಯಲ್ಲಿ ದಿನದ ಸ್ಟಾಕ್ ಎಂಟ್ರಿ’ ಅಂತ ತಾನೇ ಬರೆಯುತ್ತಾಳೆ. ತಿದ್ದಿದ್ದೆಲ್ಲ ವರ್ಷನ್ ಹಿಸ್ಟರಿಯಲ್ಲಿ ಕಾಣುತ್ತದೆ, ಇಡೀ ಪ್ಯಾರಾ ಒಂದೇ ಸಲ ಎಲ್ಲಿಂದಲೋ ತಂದು ಅಂಟಿಸಿದ್ದರೂ ಗೊತ್ತಾಗುತ್ತದೆ.

ನನ್ನ ಓಟು ಡಾಕ್ಸ್‌ಗೇ. ಒಂದೇ ಪೀರಿಯಡ್ ಸಿಕ್ಕಿದರೆ, ಅಥವಾ ಮಕ್ಕಳು ಡಿಸೈನ್ ಕೆಲಸಕ್ಕೆ ಹೋಗುವವರಾದರೆ, ಕ್ಯಾನ್ವಾದ ಒಂದೇ ಕಾಲಂ ಟೆಂಪ್ಲೇಟ್ ಸಾಕು. ಅಪ್ಪನ ಹೆಸರು, ಮದುವೆ ಆಗಿದೆಯೋ ಇಲ್ಲವೋ ಅನ್ನೋದನ್ನೆಲ್ಲ ಎರಡರಲ್ಲೂ ತೆಗೆಸಿ.