ಗೇಜ್ ಹಾಕದೆ "ಪಂಪ್ ಹೋಯ್ತು" ಅನ್ನುವವರಿಂದ ದೂರ ಇರಿ

ಬಾಬ್‌ಕ್ಯಾಟ್ ಇಟ್ಟುಕೊಂಡಿರುವವರು, ಸೆಕೆಂಡ್ ಹ್ಯಾಂಡ್ ತಗೊಳ್ಳಲು ಓಡಾಡುತ್ತಿರುವವರು ದಯವಿಟ್ಟು ಒಮ್ಮೆ ಓದಿ. 2 ಲಕ್ಷ 10 ಸಾವಿರ ಕೊಟ್ಟು ಹಾಕಿಸಿದ ಡ್ರೈವ್ ಪಂಪ್ (ಆಯಿಲ್ ತಳ್ಳಿ ಚಕ್ರ ತಿರುಗಿಸುವ ಪಂಪ್) ನನ್ನ ಮೆಷಿನ್‌ನಲ್ಲಿ 14 ಗಂಟೆ ಓಡಿತು. ದಿನ ಅಲ್ಲ, ಗಂಟೆ. ಅವರ್ ಮೀಟರ್ ನೋಡಿಯೇ ಹೇಳುತ್ತಿದ್ದೇನೆ.

(ಮುಂದೆ ಬಕೆಟ್ ಇರುವ ಸಣ್ಣ ಲೋಡರ್ ಇದು. ನಮ್ಮ ಕಡೆ ಸ್ಕಿಡ್ ಸ್ಟಿಯರ್ ಲೋಡರ್ ಅಂದರೆ ಯಾರಿಗೂ ಗೊತ್ತಾಗಲ್ಲ, ಯಾವ ಕಂಪನಿಯದಾದರೂ ಬಾಬ್‌ಕ್ಯಾಟ್ ಅಂತಲೇ ಕರೆಯುವುದು. ನನ್ನದು ಯಾವುದು ಅಂತ ಹೇಳಲ್ಲ, ತಪ್ಪು ಕಂಪನಿಯದಲ್ಲ.)

ಜಿಗಣಿ ಕಡೆ ಗ್ರಾನೈಟ್ ಯಾರ್ಡ್‌ಗಳಲ್ಲಿ ಸ್ಲರಿ ಬಾಚುವ ಕೆಲಸ ನಮ್ಮದು. ಕಲ್ಲು ಕೊಯ್ದ ಆ ಹಿಟ್ಟು ಒಣಗಿದರೆ ಮುಖದ ಪೌಡರ್ ಇದ್ದ ಹಾಗೆ, ಎಲ್ಲಿ ಬೇಕಾದರೂ ನುಗ್ಗುತ್ತದೆ. ಏಪ್ರಿಲ್‌ನಲ್ಲಿ ಶುರುವಾಯಿತು ತೊಂದರೆ. ಬೆಳಿಗ್ಗೆ ಮೆಷಿನ್ ನೆಟ್ಟಗೇ ಇರುತ್ತಿತ್ತು. ಹನ್ನೊಂದು ಗಂಟೆ ದಾಟಿ ಆಯಿಲ್ ಬಿಸಿಯಾದ ಮೇಲೆ ಬಕೆಟ್ ಒತ್ತಿದರೆ ಬಲಕ್ಕೆ ತಿರುಗಿಕೊಂಡು ಹೋಗುತ್ತಿತ್ತು. ರಿವರ್ಸ್‌ನಲ್ಲೂ ಅದೇ ಕಥೆ. "ಅಣ್ಣಾ, ಬಲಗಡೆ ಚಕ್ರಕ್ಕೆ ದಮ್ಮೇ ಇಲ್ಲ" ಅಂತ ನಮ್ಮ ಆಪರೇಟರ್ ಹೇಳಿದ. ಹುಡುಗ ಸರಿಯಾಗಿಯೇ ಹೇಳಿದ್ದ. ಕೇಳಿಸಿಕೊಂಡವನು ನಾನು ಸರಿಯಿರಲಿಲ್ಲ.

ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಒಬ್ಬ ಮೆಕ್ಯಾನಿಕ್ ಬೈಕಲ್ಲಿ ಬಂದರು. ಲಿವರ್ ಎರಡು ಸಲ ಆಡಿಸಿದರು, ಎಂಜಿನ್ ಓಡುತ್ತಿರುವಾಗಲೇ ಹೋಸ್ ಮೇಲೆ ಬರಿಗೈ ಸವರಿದರು. "ಪಂಪ್ ಹೋಗಿದೆ ಸಾರ್. ಟ್ಯಾಂಡಮ್ ಪಂಪು, ಎರಡೂ ಕಡೆಯದು ಜೋಡಿಯಾಗೇ ಇರೋದು, ಒಂದು ಸೈಡ್ ಮಾತ್ರ ಸಿಗಲ್ಲ, ಪೂರ್ತಿ ಹಾಕಬೇಕು." ಪ್ರೆಶರ್ ಚೆಕ್ ಮಾಡಲ್ವಾ ಅಂದೆ. "ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ನನಗೆ ಗೇಜ್ ಯಾಕೆ?" ಅಂದರು. ಆ ಮಾತಿಗೆ ನಾನು ಸುಮ್ಮನಾಗಬಾರದಿತ್ತು. ಆಗಿಬಿಟ್ಟೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೋಸ್ ಮೇಲೆ ಕೈ ಸವರುವ ಚಾಳಿ ಯಾರಿಗಿದ್ದರೂ ಬಿಡಿಸಿ. ಡ್ರೈವ್ ಲೂಪಿನಲ್ಲಿ (ಪಂಪಿಗೂ ಚಕ್ರದ ಮೋಟರ್‌ಗೂ ನಡುವೆ ಆಯಿಲ್ ಸುತ್ತುವ ದಾರಿ) ಲೋಡ್ ಬಿದ್ದಾಗ 300 ಬಾರ್ ಮೇಲೆಯೂ ಹೋಗುತ್ತದೆ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲು ಅಷ್ಟಿರಲ್ಲ, ಆದರೆ ತಡ ಮಾಡಿದರೆ ಬೆರಳೋ ಕೈಯೋ ಹೋಗಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು. ಲೀಕ್ ನೋಡಲು ರಟ್ಟಿನ ತುಂಡು ಸಾಕು.

ಪಂಪ್ ಬಂತು. ಸಂಜೆ ಹೊತ್ತಲ್ಲಿ, ಅದೇ ಧೂಳಿನ ಯಾರ್ಡಿನಲ್ಲಿ ಬಿಚ್ಚಿದರು. ಒಂದು ಹೋಸಿನ ಬಾಯಿಗೆ ಹಳೇ ಬಟ್ಟೆ ತುರುಕಿದ್ದರು, ಉಳಿದವು ಹಾಗೇ ತೆರೆದಿದ್ದವು. ಲೂಪ್ ಕ್ಲೀನ್ ಮಾಡಲಿಲ್ಲ. ಹೊಸ ಪಂಪಿನ ಕೇಸಿಗೆ ಒಂದು ಹನಿ ಆಯಿಲ್ ತುಂಬಲಿಲ್ಲ. ಟ್ಯಾಂಕಿಗೆ ಸುರಿದು, ಎಂಜಿನ್ ಸ್ಟಾರ್ಟ್ ಮಾಡಿ, ನೇರ ಫುಲ್ ಥ್ರಾಟಲ್. ಎರಡು ರೌಂಡ್ ಹೊಡೆದು ತೋರಿಸಿದರು. ಓಡಿತು. ತಂಪು ಹೊತ್ತು, ಹೊಸ ಆಯಿಲ್, ಬಕೆಟ್ ಖಾಲಿ, ಯಾಕೆ ಓಡಲ್ಲ? ಕ್ಯಾಶ್ ಎಣಿಸಿ ಕೊಟ್ಟೆ. ಹಳೇ ಪಂಪನ್ನು "ಎಕ್ಸ್‌ಚೇಂಜ್" ಅಂತ ಬೈಕಿಗೆ ಕಟ್ಟಿಕೊಂಡು ಹೋದರು.

ಮೂರನೇ ದಿನ ಮಧ್ಯಾಹ್ನ ಕುಂಯ್ ಅಂತ ಶಬ್ದ ಶುರುವಾಯಿತು. ಈ ಸಲ ಎರಡೂ ಕಡೆ ದಮ್ಮಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ಆಮೇಲೆ ಪೀಣ್ಯದಲ್ಲಿ ಪಂಪ್ ರಿಪೇರಿ ಮಾಡುವ ಒಬ್ಬ ಹಿರಿಯರನ್ನು ಕರೆದುಕೊಂಡು ಬಂದೆ. ಅವರು ಮೆಷಿನ್ ಮುಟ್ಟುವ ಮೊದಲು ಕೇಳಿದ್ದು ಮೂರೇ ಪ್ರಶ್ನೆ. ಮೊದಲು ಒಂದು ಕಡೆ ಹೋಯ್ತಾ, ಎರಡೂ ಕಡೆನಾ? ಮುಂದಕ್ಕಾ, ಹಿಂದಕ್ಕಾ, ಎರಡಕ್ಕೂನಾ? ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ? ನಾನು ಹೇಳಿದೆ. "ಹಾಗಾದ್ರೆ ಅವತ್ತೇ ಹೋಸ್ ಅದಲುಬದಲು ಮಾಡಿ ನೋಡಬೇಕಿತ್ತಲ್ಲಪ್ಪ" ಅಂದರು.

ಫಿಲ್ಟರ್ ಬಿಚ್ಚಿದರು. ಕಟರ್ ಹಾಕಿ ಕೊಯ್ದರು, ಆಕ್ಸಾ ಬ್ಲೇಡ್ ಅಲ್ಲ, ಅದರದ್ದೇ ಪುಡಿ ಒಳಗೆ ಬಿದ್ದರೆ ಯಾವುದು ಯಾವುದೆಂದು ಗೊತ್ತಾಗಲ್ಲವಂತೆ. ಒಳಗಿನ ಮಡಿಕೆ ಕಾಗದವನ್ನು ನ್ಯೂಸ್ ಪೇಪರ್ ಮೇಲೆ ಹರಡಿ ಬಿಸಿಲಿಗೆ ಹಿಡಿದರು. ರೇಷ್ಮೆ ಸೀರೆ ಜರಿ ಪುಡಿ ಮಾಡಿ ಉದುರಿಸಿದ ಹಾಗಿತ್ತು. ಆಯಸ್ಕಾಂತ ಇಟ್ಟರೆ ಅಂಟಲಿಲ್ಲ. ಕಬ್ಬಿಣ ಅಲ್ಲ, ಕಂಚು. ಪಿಸ್ಟನ್ ತುದಿಯ ಸ್ಲಿಪ್ಪರ್‌ಗಳು ಸವೆದ ಪುಡಿ.

ಲೂಪಿಗೆ ಆಯಿಲ್ ತುಂಬಿಕೊಡುವ ಚಾರ್ಜ್ ಪಂಪಿನ ಪೋರ್ಟಿಗೆ ಗೇಜ್ ಹಾಕಿದರು. ನ್ಯೂಟ್ರಲ್‌ನಲ್ಲಿ 22 ಬಾರ್. ಬಲಗಡೆ ಲಿವರ್ ಒತ್ತಿದ ಕೂಡಲೇ ಮುಳ್ಳು 8ಕ್ಕೆ ಬಿತ್ತು. ಆಮೇಲೆ ಎರಡೂ ಮೋಟರ್‌ಗಳ ಕೇಸ್ ಡ್ರೇನ್ ಹೋಸ್ (ಒಳಗೆ ಸೋರಿದ ಆಯಿಲ್ ಹೊರಗೆ ಬರುವ ಹೋಸ್) ಬಿಚ್ಚಿ ಎರಡು ಬಕೆಟ್‌ಗೆ ಬಿಟ್ಟರು. ಎಡಗಡೆಯದು ಸಣ್ಣ ದಾರದ ಹಾಗೆ ಸುರಿಯಿತು. ಬಲಗಡೆಯದು ಕಾರ್ಪೊರೇಷನ್ ನೀರಿನ ನಲ್ಲಿ ಬಿಟ್ಟ ಹಾಗೆ. ಮೊದಲು ಹೋಗಿದ್ದು ಬಲಗಡೆ ಮೋಟರ್. ಪಂಪ್ ಅಲ್ಲವೇ ಅಲ್ಲ.

ಹಾಗಾದರೆ ಹೊಸ ಪಂಪ್ ಯಾಕೆ ಸತ್ತಿತು? ಇದು ನನಗೆ ಆವತ್ತೇ ಅರ್ಥವಾಗಿದ್ದು. ಜೆಸಿಬಿಯ ಬೂಮ್ ಸಿಲಿಂಡರಿನ ಆಯಿಲ್ ಕೆಲಸ ಮುಗಿಸಿ ಟ್ಯಾಂಕಿಗೆ ವಾಪಸ್ ಬರುತ್ತದೆ, ದಾರಿಯಲ್ಲಿ ಫಿಲ್ಟರ್ ಇರುತ್ತದೆ. ಬಾಬ್‌ಕ್ಯಾಟ್ ಡ್ರೈವ್‌ನಲ್ಲಿ ಹಾಗಲ್ಲ. ಪಂಪಿನಿಂದ ಮೋಟರ್‌ಗೆ, ಮೋಟರ್‌ನಿಂದ ನೇರ ಪಂಪಿನ ಬಾಯಿಗೆ. ಗಾಣದ ಎತ್ತಿನ ಹಾಗೆ ಅದೇ ಆಯಿಲ್ ಅಲ್ಲೇ ಸುತ್ತುತ್ತದೆ, ಸೋರಿ ಟ್ಯಾಂಕಿಗೆ ಹೋದಷ್ಟನ್ನು ಮಾತ್ರ ಚಾರ್ಜ್ ಪಂಪ್ ಫಿಲ್ಟರ್ ದಾಟಿಸಿ ತುಂಬಿಕೊಡುತ್ತದೆ. ಹಾಳಾದ ಮೋಟರ್ ಉದುರಿಸಿದ ಪುಡಿಯಲ್ಲಿ ಲೂಪಿನಲ್ಲೇ ಉಳಿದದ್ದು ಯಾವ ಫಿಲ್ಟರನ್ನೂ ದಾಟದೆ ಹೊಸ ಪಂಪಿನೊಳಗೆ ಹೋಗಿದೆ. ಸಾಲದ್ದಕ್ಕೆ ಕೇಸ್ ಒಣಗಿದ್ದಾಗಲೇ ಫುಲ್ ಥ್ರಾಟಲ್ ಕೊಟ್ಟಿದ್ದಾರೆ. ಪಂಪ್ ಬಿಚ್ಚಿದಾಗ ಒಳಗಿನ ವಾಲ್ವ್ ಪ್ಲೇಟಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳು.

ಹೋಸ್ ಅದಲುಬದಲು ಮಾಡುವುದು ಅಂದರೆ ಇಷ್ಟೇ. ಎಂಜಿನ್ ಆಫ್ ಮಾಡಿ, ಪ್ರೆಶರ್ ಇಳಿಸಿ, ಬಲಗಡೆ ಪಂಪಿನ ಹೋಸ್‌ಗಳನ್ನು ಎಡಗಡೆ ಮೋಟರ್‌ಗೆ, ಎಡಗಡೆಯದನ್ನು ಬಲಕ್ಕೆ ಕೊಡಬೇಕು. ಈಗ ದಮ್ಮಿಲ್ಲದಿರುವುದು ಎಡಗಡೆ ಚಕ್ರಕ್ಕೆ ಬಂದರೆ ತಪ್ಪು ಪಂಪಿನದು. ಬಲದಲ್ಲೇ ಉಳಿದರೆ ಮೋಟರ್ ಕಡೆಯದು, ಅಥವಾ ಆ ಕಡೆ ಬ್ರೇಕ್ ಹಿಡಿದಿರಬಹುದು, ಚಕ್ರದ ಚೈನ್ ಇರುವ ಚೈನ್ ಕೇಸ್ ನೋಡಬೇಕು. ಲಿವರ್ ಅದಲುಬದಲಾಗಿರುತ್ತದೆ, ಆದ್ದರಿಂದ ಖಾಲಿ ಜಾಗದಲ್ಲಿ ಮೆಲ್ಲಗೆ ಓಡಿಸಿ. ಒಂದು ಪೈಸೆ ಖರ್ಚಿಲ್ಲ. ಮುಂದಕ್ಕೆ ಸರಿ, ಹಿಂದಕ್ಕೆ ಮಾತ್ರ ಇಲ್ಲ ಅಂದರೆ ಪಂಪಿನ ರಿಲೀಫ್ ವಾಲ್ವ್ ಎರಡನ್ನೂ ಅದಲುಬದಲು ಮಾಡಿ, ತೊಂದರೆ ದಿಕ್ಕು ಬದಲಾಯಿಸಿತಾ ನೋಡಿ. ಮೊದಲಿನಿಂದಲೇ ಎರಡೂ ಕಡೆ ಒಟ್ಟಿಗೆ ಹೋಗಿದ್ದರೆ ಪಂಪಿನ ಮಾತೇ ಎತ್ತಬೇಡಿ, ಆಯಿಲ್ ಲೆವೆಲ್, ಫಿಲ್ಟರ್, ಗಾಳಿ ಎಳೆಯುವ ಸಕ್ಷನ್ ಹೋಸ್, ಚಾರ್ಜ್ ಪ್ರೆಶರ್ ನೋಡಿ. ಚಾರ್ಜ್ ಪ್ರೆಶರ್ ಎಷ್ಟಿರಬೇಕು ಅಂತ ಮೆಷಿನ್ ಪುಸ್ತಕದಲ್ಲಿ ಇರುತ್ತದೆ. ಹಾಂ, ಚಾರ್ಜ್‌ಗೆ ಹಾಕುವ ಸಣ್ಣ ಗೇಜನ್ನು ಮರೆತು ಮೇನ್ ಲೂಪಿಗೆ ಹಾಕಬೇಡಿ, ಒಡೆದು ಮುಖಕ್ಕೆ ಬರುತ್ತದೆ. ಬೂಮ್ ಎತ್ತಿ ಕೆಳಗೆ ಕೈ ಹಾಕುವುದಾದರೆ ಲಾಕ್ ಹಾಕದೆ ಹಾಕಬೇಡಿ.

ಎರಡನೇ ಸಲ ಮೋಟರ್ ಬಂತು, ಪಂಪ್ ರಿಪೇರಿಯಾಯಿತು. ಹೋಸ್‌ಗಳನ್ನೆಲ್ಲ ಬಿಚ್ಚಿ ತೊಳೆದರು, ಆಯಿಲ್ ಕೂಲರ್ ತೊಳೆದರು, ಟ್ಯಾಂಕ್ ಒಳಗೆ ಕೈ ಹಾಕಿ ಒರೆಸಿದರು. ಕೇಸ್ ತುಂಬ ಆಯಿಲ್ ತುಂಬಿ, ಎಂಜಿನ್ ಹೊತ್ತಿಕೊಳ್ಳದ ಹಾಗೆ ಸೆಲ್ಫ್ ಮಾತ್ರ ಹೊಡೆದು, ಗೇಜಿನ ಮುಳ್ಳು ಅಲ್ಲಾಡಿದ ಮೇಲೆಯೇ ಸ್ಟಾರ್ಟ್ ಮಾಡಿದ್ದು. ಚಕ್ರ ನಾಲ್ಕೂ ನೆಲ ಬಿಟ್ಟಿದ್ದವು, ಐಡ್ಲಿಂಗ್‌ನಲ್ಲೇ ತುಂಬ ಹೊತ್ತು ತಿರುಗಿಸಿದರು. ನನಗೆ ಬೋರ್ ಬಂತು, ಅವರಿಗೆ ಬರಲಿಲ್ಲ. ಕೂಲರ್ ತುಂಬ ಕಲ್ಲಿನ ಹಿಟ್ಟು ಸಿಮೆಂಟ್ ಆಗಿ ಕೂತಿತ್ತು. ಆಯಿಲ್ ಅಷ್ಟು ಕಾಯುತ್ತಿದ್ದುದೇ ಅದಕ್ಕೆ, ಮೋಟರ್ ಬೇಗ ಸವೆದಿದ್ದರಲ್ಲಿ ಅದರ ಪಾಲೂ ಇದೆ ಅಂದರು. ಅದು ನನ್ನದೇ ತಪ್ಪು. ಈಗ ದಿನಾ ಸಂಜೆ ಕೂಲರಿಗೆ ಕಂಪ್ರೆಸರ್ ಗಾಳಿ ಹೊಡೆಯದೆ ಹುಡುಗನಿಗೆ ಕೀ ತೆಗೆಯಲು ಬಿಡಲ್ಲ.

ಹೋಗುವಾಗ ಆ ಹಿರಿಯರು ಹಳೇ ಪಂಪ್ ಎಲ್ಲಿ ಅಂತ ಕೇಳಿದರು, ಅದೇ ಚೆನ್ನಾಗಿತ್ತೇನೋ, ತೊಳೆದು ಹಾಕಬಹುದಿತ್ತು ಅಂದರು. ಆ ಬೈಕಿನ ಮೆಕ್ಯಾನಿಕ್‌ಗೆ ಬೇರೆ ನಂಬರಿನಿಂದ ಫೋನ್ ಮಾಡಿದೆ, ಎತ್ತಿದರು. "ಅದು ಸ್ಕ್ರ್ಯಾಪಿಗೆ ಹೋಯ್ತು ಸಾರ್." ಬಿಲ್ ಇದೆಯಾ ಅಂದೆ. ಲೈನ್ ಕಟ್ ಆಯಿತು.