ಒಂದೇ ಕಥೆ, ನಾಲ್ಕು ಕಟ್ಟು

ಅಮೆರಿಕದ ಕಾಮಿಕ್ಸ್ ಓದುವವರಿಗೆ ಯಾವ ಕಥೆ ಕೊಳ್ಳಬೇಕು ಅನ್ನುವುದಕ್ಕಿಂತ ಯಾವ ರೂಪದಲ್ಲಿ ಕೊಳ್ಳಬೇಕು ಅನ್ನುವುದೇ ದೊಡ್ಡ ತಲೆನೋವು. ಒಂದೇ ಕಥೆ ಬಿಡಿ ಸಂಚಿಕೆಗಳಲ್ಲಿ, ಐದಾರು ಸಂಚಿಕೆ ಸೇರಿಸಿದ ಟ್ರೇಡ್ ಪೇಪರ್‌ಬ್ಯಾಕ್‌ನಲ್ಲಿ, ಇಟ್ಟಿಗೆ ಗಾತ್ರದ ಆಮ್ನಿಬಸ್‌ನಲ್ಲಿ, ಟ್ಯಾಬ್ಲೆಟ್ ಪರದೆಯ ಮೇಲೆ ಸಿಗುತ್ತದೆ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಒಂದೇ ಜೋಡಿಪುಟ (ಎದುರುಬದುರಿನ ಎರಡು ಪುಟಗಳಿಗೂ ಹರಡಿದ ಒಂದೇ ಚಿತ್ರ) ತೆರೆದಾಗ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಕಾಗದದ್ದಲ್ಲ, ಬೈಂಡಿಂಗಿನದು.

ಬಿಡಿ ಸಂಚಿಕೆ ಸುಮಾರು 6.6 × 10.2 ಇಂಚು. ಹೆಚ್ಚಿನವು ಜಾಹೀರಾತು ಸೇರಿ 32 ಪುಟ, ಕಥೆಗೆ 20–22. ಹಾಳೆಗಳನ್ನು ಮಡಿಚಿ ನಡುವೆ ಎರಡು ಪಿನ್ ಹೊಡೆದಿರುವುದರಿಂದ ಪೂರ್ತಿ ಚಪ್ಪಟೆಯಾಗಿ ತೆರೆಯುತ್ತದೆ. ಚಿತ್ರದ ಒಂದು ಗೆರೆಯೂ ಒಳಗೆ ನುಂಗಿಹೋಗುವುದಿಲ್ಲ. ಜೋಡಿಪುಟ ನೋಡಲು ಇದಕ್ಕೆ ಸಾಟಿ ಇಲ್ಲ. ತೊಂದರೆಯೆಲ್ಲ ಆಮೇಲಿನದು. ತೇವಕ್ಕೆ ಪಿನ್ ತುಕ್ಕು ಹಿಡಿದು ಕಲೆ ಬಿಡುತ್ತದೆ. ರಕ್ಷಾಪುಟವನ್ನು ಹಿಂದಕ್ಕೆ ಮಡಿಚಿ ಓದಿದರೆ ಬೆನ್ನಿನುದ್ದಕ್ಕೂ ಸಣ್ಣ ಬಿಳಿ ಗೆರೆಗಳು ಮೂಡುತ್ತವೆ, ಅವು ಮತ್ತೆ ಹೋಗುವುದಿಲ್ಲ. ಸಂಚಿಕೆಯನ್ನು ಕಾಪಿಡಲು ಪಾಲಿಪ್ರೊಪಿಲೀನ್ ಚೀಲ ಕೆಲವು ವರ್ಷಗಳಿಗೆ ಸರಿ. ದೀರ್ಘಕಾಲಕ್ಕೆ ಮೈಲಾರ್ (ಪಾಲಿಯೆಸ್ಟರ್ ಹಾಳೆ) ಚೀಲ ಬೇಕು. ಚೀಲದೊಳಗೆ ಸಂಚಿಕೆಯ ಹಿಂದಿಡುವ ರಟ್ಟು ಆಮ್ಲರಹಿತವಾಗಿರಲೇಬೇಕು. ಈಗಿನ ಸಂಚಿಕೆಗೆ 6⅞ ಇಂಚು ಅಗಲದ ಚೀಲ ಸಾಕು. 1960ರ ದಶಕದವು ಇನ್ನಷ್ಟು ಅಗಲ, 7⅛ ಇಂಚಿನದು ತನ್ನಿ. ಬಿಗಿ ಚೀಲಕ್ಕೆ ತುರುಕಿದರೆ ಮೂಲೆಗಳೇ ಮೊದಲು ಹಾಳಾಗುವುದು.

ಟ್ರೇಡ್ ಓದಲು ಹಗುರ, ಸಿಗುವುದು ಸುಲಭ. ಆದರೆ ಜೋಡಿಪುಟಕ್ಕೆ ಇದು ಶತ್ರು. ಅಂಟು ಹಿಡಿಯಲೆಂದು ಕಾರ್ಖಾನೆಯಲ್ಲಿ ಪುಟಗಳ ಬೆನ್ನಿನ ಕಡೆಯನ್ನು ಕೆಲವು ಮಿಲಿಮೀಟರ್ ಉಜ್ಜಿ ತೆಗೆಯುತ್ತಾರೆ. ಅದರ ಮೇಲೆ ಅಂಟಿನ ಬಿಗಿತಕ್ಕೆ ಒಳ ಅಂಚು ಮಡಿಕೆಯಲ್ಲಿ ಮುಳುಗುತ್ತದೆ. ನಡುವೆ ನಿಂತ ಪಾತ್ರದ ಮೂಗು ಮಾಯ, ಮಾತಿನ ಗುಳ್ಳೆಯಲ್ಲಿ ಎರಡು ಅಕ್ಷರ ಮಾಯ. ಬಗ್ಗಿಸಿ ಓದೋಣ ಅಂದರೆ ಬೆನ್ನು ಬಿರುಕು ಬಿಡುತ್ತದೆ. ಸಾಮಾನ್ಯ ಬಿಸಿ ಅಂಟು ಹಳತಾದಂತೆ, ಅದರಲ್ಲೂ ಚಳಿಯಲ್ಲಿ, ಪೆಡಸಾಗಿ ಹಾಳೆಗಳನ್ನು ಕಂತೆಕಂತೆಯಾಗಿ ಬಿಟ್ಟುಕೊಡುತ್ತದೆ. ಪಿಯುಆರ್ (ಪಾಲಿಯುರೆಥೇನ್) ಅಂಟಿನವು ಹೆಚ್ಚು ಬಾಗುತ್ತವೆ, ಬಾಳುತ್ತವೆ. ಪುಟಪುಟಕ್ಕೂ ಚೌಕಟ್ಟುಗಳು ಅಚ್ಚುಕಟ್ಟಾಗಿ ಒಳಗೇ ಇರುವ ಕಥೆಗೆ ಟ್ರೇಡ್ ಧಾರಾಳವಾಗಿ ಸಾಕು. ಚಿತ್ರಕಾರ ಜೋಡಿಪುಟ ಪ್ರಿಯನಾಗಿದ್ದರೆ ಬೇಡ.

ಆಮ್ನಿಬಸ್ ವಿಷಯದಲ್ಲಿ ಅಭಿಮಾನಿಗಳ ಹೊಗಳಿಕೆ ಸ್ವಲ್ಪ ಅತಿಯಾಯಿತು. ಹೊಲಿಗೆ ಇದೆ, ಪುಟ ದೊಡ್ಡದು, ನಿಜ. ಸಾವಿರ ಪುಟದ ಪುಸ್ತಕ ನಟ್ಟನಡುವೆ ಚಪ್ಪಟೆಯಾಗಿ ಮಲಗುವುದೂ ನಿಜ. ಮೊದಲ ನೂರು ಪುಟ, ಕೊನೆಯ ನೂರು ಪುಟಗಳಲ್ಲಿ ಮಾತ್ರ ಒಂದು ಬದಿ ಎತ್ತರ, ಒಂದು ಬದಿ ತಗ್ಗು. ಪುಟ ಬಾಗಿ ಒಳ ಅಂಚು ಮತ್ತೆ ಮರೆ. ಮೂರು ಕೆ.ಜಿ. ಆಸುಪಾಸಿನ ತೂಕವನ್ನು ಕೈಯಲ್ಲಿ ಹಿಡಿದು ಓದಲಾಗದು, ಮೇಜು ಬೇಕು. ಕಪಾಟಿನಲ್ಲಿ ನಿಲ್ಲಿಸಿದರೆ ಇನ್ನೊಂದು ಕಾಟ: ರಟ್ಟು ಪುಟಗಳಿಗಿಂತ ಕೆಳಗೆ ಚಾಚಿರುತ್ತದೆ, ಪುಟಗಳ ಭಾರ ಗಾಳಿಯಲ್ಲಿ ತೂಗಿ ಬೆನ್ನನ್ನು ಎಳೆಯುತ್ತದೆ. ಆ ಸಂದಿನಷ್ಟೇ ದಪ್ಪದ ರಟ್ಟಿನ ತುಂಡನ್ನು ಪುಟಗಳ ಅಡಿಗೆ ಕೊಟ್ಟರೆ ಭಾರ ಅದರ ಮೇಲೆ ಕೂರುತ್ತದೆ, ಇಲ್ಲವೇ ಮಲಗಿಸಿಡಿ. ಹೊಸದನ್ನು ತಂದ ಕೂಡಲೇ ನಡುವೆ ತೆರೆದು ಒತ್ತಬಾರದು. ಬೆನ್ನನ್ನು ಮೇಜಿಗೆ ಕೊಟ್ಟು ಎರಡೂ ರಟ್ಟುಗಳನ್ನು ಕೆಳಗಿಳಿಸಿ, ಮುಂದಿನಿಂದ ಕೆಲವು ಪುಟ, ಹಿಂದಿನಿಂದ ಕೆಲವು ಪುಟ, ಹೀಗೆ ಸರದಿಯಲ್ಲಿ ಮೆಲ್ಲಗೆ ಒತ್ತುತ್ತ ನಡುವಿಗೆ ಬನ್ನಿ.

ಟ್ಯಾಬ್ಲೆಟ್‌ನಲ್ಲಿ ಮಡಿಕೆಯ ಗೋಳೇ ಇಲ್ಲ, ಅಳತೆಯದ್ದೇ ಗೋಳು. 4:3 ಆಕಾರದ 10 ಇಂಚಿನ ಪರದೆ ಅಂದರೆ 6 × 8 ಇಂಚು. ಒಂಟಿ ಪುಟ ಮೂಲದ ಮುಕ್ಕಾಲು ಭಾಗಕ್ಕೆ ಚೂರು ಮೇಲೆ ಬರುತ್ತದೆ, ಓದಬಹುದು. ಅಡ್ಡ ಹಿಡಿದು ಜೋಡಿಪುಟ ತೆರೆದರೆ ಅದು 60 ಪ್ರತಿಶತಕ್ಕಿಂತಲೂ ಕುಗ್ಗಿ ಅಕ್ಷರಕ್ಕೆ ಕಣ್ಣು ಕಿರಿದು ಮಾಡಬೇಕು. ಚೌಕಟ್ಟಿನಿಂದ ಚೌಕಟ್ಟಿಗೆ ತಾನೇ ಜಿಗಿಯುವ ಸೌಲಭ್ಯ ಮಾತನ್ನು ಓದಿಸುತ್ತದೆ, ಪುಟವನ್ನು ಕೊಲ್ಲುತ್ತದೆ. ಒಮ್ಮೆ ಓದಿ ಬಿಡುವ ಕಥೆಗೆ ಮಾತ್ರ ಇದು.

ಈ ನಾಲ್ಕರ ನಡುವೆ ಐದನೆಯದೊಂದಿದೆ, ನನ್ನ ಮತ ಅದಕ್ಕೆ: ಹತ್ತು-ಹನ್ನೆರಡು ಸಂಚಿಕೆಯ, ಮುನ್ನೂರು ಪುಟದೊಳಗಿನ ಹೊಲಿದ ಹಾರ್ಡ್‌ಕವರ್. ಮಡಿಲಲ್ಲಿಟ್ಟು ಓದುವಷ್ಟು ಹಗುರ, ಆದಿ-ಅಂತ್ಯದಲ್ಲೂ ಬಾಗು ಕಡಿಮೆ. ಗಟ್ಟಿ ರಟ್ಟು ಇದ್ದಮಾತ್ರಕ್ಕೆ ಹೊಲಿಗೆ ಇದೆ ಎಂದು ನಂಬಬೇಡಿ. ರಟ್ಟಿನೊಳಗೆ ಬರೀ ಅಂಟು ಬಳಿದವೂ ಉಂಟು. ಬೆನ್ನಿನ ಮೇಲ್ತುದಿಯನ್ನು ನೋಡಿ: ಮಡಿಚಿದ ಫಾರಂಗಳು (ಹಾಳೆಗಳ ಸಣ್ಣ ಕಟ್ಟುಗಳು) ಸಾಲಾಗಿ ಕಂಡರೆ, ಒಂದೊಂದು ಫಾರಂನ ನಡುವೆ ದಾರ ಕಂಡರೆ ಹೊಲಿಗೆ. ಹಾಳೆಗಳೆಲ್ಲ ಒಂದೇ ಮಟ್ಟಸವಾಗಿ ಕತ್ತರಿಸಿದಂತಿದ್ದರೆ ಅಂಟು.

ಹಳೆಯ ಕಥೆಗಳ ಮರುಮುದ್ರಣಕ್ಕೆ ಇನ್ನೊಂದು ಪರೀಕ್ಷೆ ಬೇಕು, ಅದು ಬಣ್ಣದ್ದು. ನ್ಯೂಸ್‌ಪ್ರಿಂಟ್ ಶಾಯಿಯನ್ನು ಹೀರಿ ಮಂಕು ಮಾಡುತ್ತದೆಂದು ಲೆಕ್ಕ ಹಾಕಿ ಹಚ್ಚಿದ ಗಾಢ ಬಣ್ಣಗಳವು. ಅದೇ ಬಣ್ಣವನ್ನು ಹೊಳಪು ಕಾಗದಕ್ಕೆ ಹಾಗೇ ಇಳಿಸಿದರೆ ಹಳದಿ, ಕೆಂಪು ಕಣ್ಣು ಚುಚ್ಚುತ್ತವೆ. ಎರಡು ಮುದ್ರಣಗಳಿದ್ದರೆ ಹೊಳಪಿಲ್ಲದ ಕಾಗದದ್ದನ್ನೇ ಆರಿಸಿ, ಅದು ಟ್ರೇಡ್ ಆಗಿದ್ದರೂ ಸರಿ. ಆ ಕಾಲದ ಚಿತ್ರಕಾರರು ಜೋಡಿಪುಟ ಬಳಸಿದ್ದು ಹೇಗೂ ಕಡಿಮೆ.