ಎಫ್‌ಡಿಯೋ, ಬ್ಯಾಂಕಿನ ಎಟಿ1 ಬಾಂಡೋ?

ಜಾಗ ಮಾರಿದ ಒಂದು ಕೋಟಿ ಕೈಗೆ ಬಂದ ಮೇಲೆ ಭಾವ ಉಡುಪಿಯ ನಮ್ಮ ಜಗಲಿಯಲ್ಲಿ ಎರಡು ಕಾಗದ ಹರಡಿದರು. ಒಂದು ಎಫ್‌ಡಿಯದು, ಇನ್ನೊಂದು ಅದೇ ಬ್ಯಾಂಕಿನ ಎಟಿ1 ಬಾಂಡಿನದು, ಅಂದರೆ ಬ್ಯಾಂಕ್ ತನ್ನ ಬಂಡವಾಳಕ್ಕೆಂದು ಎತ್ತುವ, ಸಂಕಟ ಬಂದರೆ ರದ್ದಾಗಬಹುದಾದ ಸಾಲಪತ್ರ. ಬಾಂಡಿನ ಬಡ್ಡಿಗೆ ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದರು. "ಬ್ಯಾಂಕ್ ಒಂದೇ ಅಲ್ವಾ ಮಾರಾಯ?"

ಬ್ಯಾಂಕ್ ಒಂದೇ, ಆದರೆ ನಷ್ಟ ಬಂದಾಗ ಯಾರ ದುಡ್ಡು ಮೊದಲು ಹೋಗುತ್ತದೆ ಅನ್ನುವುದು ಬೇರೆ. ಎಫ್‌ಡಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆಯಿದೆ. ಎಟಿ1ಗೆ ವಿಮೆಯಿಲ್ಲ, ವಾಯಿದೆಯಿಲ್ಲ, ಬಡ್ಡಿಯನ್ನು ಬ್ಯಾಂಕ್ ತಡೆಹಿಡಿಯಬಹುದು. 2020ರಲ್ಲಿ ಯೆಸ್ ಬ್ಯಾಂಕಿನ ಸುಮಾರು 8,400 ಕೋಟಿ ರೂಪಾಯಿಯ ಎಟಿ1 ಬಾಂಡ್‌ಗಳನ್ನು ರದ್ದು ಮಾಡಿದರು. ಅದು ಕೋರ್ಟು ಮೆಟ್ಟಿಲೇರಿತು. ಅದೇ ವರ್ಷ ಷೇರುಪೇಟೆಯ ನಿಯಂತ್ರಕ ಸೆಬಿ ಇವುಗಳ ಕನಿಷ್ಠ ವಹಿವಾಟನ್ನು 1 ಕೋಟಿಗೆ ಏರಿಸಿದ್ದು ಸಣ್ಣ ಹೂಡಿಕೆದಾರರು ದೂರವಿರಲಿ ಎಂದೇ.

"ತ್ರೈಮಾಸಿಕ ಫಲಿತಾಂಶ ಚೆನ್ನಾಗಿದೆಯಲ್ಲ" ಎಂದರು ಭಾವ. ಸ್ವಿಟ್ಜರ್‌ಲೆಂಡಿನ ಕ್ರೆಡಿಟ್ ಸ್ವೀಸ್ ಬ್ಯಾಂಕಿನ ಫಲಿತಾಂಶ ತೆಗೆದು ತೋರಿಸಿದೆ. 2022ರ ಕೊನೆಗೆ ಅದರ ಮೂಲ ಬಂಡವಾಳದ ಅನುಪಾತ (ನಷ್ಟ ತಾಳಲು ಇರುವ ಸ್ವಂತ ದುಡ್ಡಿನ ಅಳತೆ) ಶೇ. 14.1, ನೋಡಲು ಗಟ್ಟಿ. ಆದರೆ ಅದೇ ತ್ರೈಮಾಸಿಕದಲ್ಲಿ ಗ್ರಾಹಕರು 110 ಶತಕೋಟಿ ಫ್ರಾಂಕಿಗೂ ಹೆಚ್ಚು ಹಣ ತೆಗೆದುಕೊಂಡು ಹೋಗಿದ್ದರು. 2023ರ ಮಾರ್ಚ್‌ನಲ್ಲಿ ಇನ್ನೊಂದು ಸ್ವಿಸ್ ಬ್ಯಾಂಕ್ ಯುಬಿಎಸ್ ಅದನ್ನು ಕೊಳ್ಳಲು ಒಪ್ಪಿದಾಗ ಷೇರುದಾರರಿಗೆ ಅಷ್ಟಿಷ್ಟು ಸಿಕ್ಕಿತು. ಸುಮಾರು 16 ಶತಕೋಟಿ ಫ್ರಾಂಕಿನ ಎಟಿ1 ಬಾಂಡ್ ಸೊನ್ನೆಯಾಯಿತು. ಹಾಗಾಗಿ ವರದಿಯಲ್ಲಿ ಲಾಭಕ್ಕಿಂತ ಮೊದಲು ಠೇವಣಿ ಏರಿತೇ ಇಳಿಯಿತೇ ನೋಡಿ, ಆಮೇಲೆ ನಿವ್ವಳ ಎನ್‌ಪಿಎ, ಅಂದರೆ ವಸೂಲಾಗದ ಸಾಲದಲ್ಲಿ ನಷ್ಟಕ್ಕೆಂದು ತೆಗೆದಿಟ್ಟದ್ದು ಕಳೆದು ಉಳಿದದ್ದು.

ನನ್ನ ಮಾತು ಎಫ್‌ಡಿಯೇ. ಅದೂ ಕೋಟಿಯಿಡೀ ಒಂದೇ ಕಡೆ ಬೇಡ: ವಿಮೆಯ ಮಿತಿ ಪ್ರತಿ ಬ್ಯಾಂಕಿಗೆ ಬೇರೆ ಬೇರೆ.